ಬಲಗಡೆಯ ದೀಪ

ಪ್ರಯಾಣಿಕರನ್ನು ತುಂಬಿಕೊಂಡ ಆ ಹಸಿರು ಮಟಾಟು ವ್ಯಾನು ನಮ್ಮ ಬೆನ್ನಿಗೆ ಬಿದ್ದದ್ದು ಟಿಂಬೊರೋವಾ ಏರು ಶುರುವಾದಲ್ಲಿ. ನಮ್ಮದು ಆಲೂಗಡ್ಡೆ ತುಂಬಿದ ಲಾರಿ. ಏರಿನಲ್ಲಿ ಅದು ಬಸುರಿ ಹಸುವಿನ ಹಾಗೆ ನಡೆಯುತ್ತದೆ, ಯಾರು ಬೈದರೂ ಅಷ್ಟೇ. ಅದು ಗೊತ್ತಿದ್ದೂ ಆ ದರಿದ್ರದವನು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ.

"ಇವನ ಕಿವಿ ಕಿತ್ತೋಗ! ಏನ್ ಹೆರಿಗೆಗೆ ಹೊರಟಿದಾನಾ?" ಎಂದೆ.

"ಬಡ್ಕೊಳ್ಲಿ ಬಿಡು ಮಾಮಾ ನಾಫುಲಾ. ಹಾರ್ನ್ ಅವನದು, ಬ್ಯಾಟರಿ ಅವನದು," ಎಂದ ನನ್ನ ಗಂಡ ಬರಾಸಾ. ನಮ್ಮ ಕಡೆ ಹೆಂಗಸನ್ನು ಮಗುವಿನ ಹೆಸರಿನಿಂದಲೇ ಕರೆಯುವುದು; ಮಾಮಾ ನಾಫುಲಾ ಎಂದರೆ ನಾಫುಲಾಳ ಅಮ್ಮ. ಸ್ಟೀರಿಂಗ್ ಹಿಡಿದರೆ ಅವನಿಗೆ ಸಿಟ್ಟೇ ಬರುವುದಿಲ್ಲ. ಮನೆಯಲ್ಲಿ ಬರುವುದೆಲ್ಲ ಅದರ ಬಾಕಿ.

ಎದುರಿನಿಂದ ಗಾಡಿ ಬರುತ್ತಿದ್ದರೆ ಬಲಗಡೆಯ ದೀಪ ಮಿನುಗಿಸುತ್ತಿದ್ದ: ಬರಬೇಡ. ರಸ್ತೆ ಖಾಲಿಯಾದರೆ ಎಡಗಡೆಯದು: ಹೋಗು. ಈ ಹೆದ್ದಾರಿಯಲ್ಲಿ ಹಿಂದಿನವನಿಗೆ ಮುಂದಿನವನೇ ಕಣ್ಣು. ಬರಾಸಾನ ದೀಪ ಸುಳ್ಳು ಹೇಳುವುದಿಲ್ಲವೆಂದು ನಕುರುವಿನಿಂದ ಮಲಾಬಾದವರೆಗೆ ಎಲ್ಲ ಡ್ರೈವರ್‌ಗಳೂ ಹೇಳುತ್ತಾರೆ. ಅದೊಂದು ಹೆಮ್ಮೆ ಅವನಿಗೆ.

ಎಡಕ್ಕೆ ತಿರುವು ಬಂತು. ನನ್ನ ಕಡೆಯ ಕನ್ನಡಿಯಲ್ಲಿ ಆ ವ್ಯಾನಿನ ಮೂತಿ ಪೂರ್ತಿ ಕಾಣಿಸಿತು. ಬಾನೆಟ್ಟಿನ ಮೇಲೆ ಬಾಯಿ ತೆರೆದ ಸಿಂಹದ ಚಿತ್ರ. ಡ್ರೈವರ್ ಪಕ್ಕದ ಸೀಟಿನಲ್ಲಿ ಹಳದಿ ಸ್ವೆಟರ್.

ಬೆಳಿಗ್ಗೆ ಕಂಡಕ್ಟರನ ಜೊತೆ ಜಗಳವಾಡಿ ಆ ಮುಂದಿನ ಸೀಟು ಕೊಡಿಸಿದವಳು ನಾನೇ. ಆ ಸ್ವೆಟರ್ ಹೆಣೆದವಳೂ ನಾನೇ.

"ಬರಾಸಾ, ನಾಫುಲಾ! ಆ ಗಾಡೀಲಿ ನಾಫುಲಾ ಇದಾಳೆ!"

ನಮ್ಮ ಒಬ್ಬಳೇ ಮಗಳು. ನರ್ಸಿಂಗ್ ಕಾಲೇಜಿಗೆ ಸೇರಲು ಎಲ್ಡೊರೆಟ್‌ಗೆ ಹೊರಟಿದ್ದಳು. ಲಾರಿಯಲ್ಲಿ ಬಾರೇ ಎಂದರೆ, ಆಲೂಗಡ್ಡೆ ವಾಸನೆ ಹೊತ್ತುಕೊಂಡು ಮೊದಲ ದಿನವೇ ಹೋಗಲೇನು ಎಂದು ಮೂತಿ ತಿರುವಿದ್ದಳು. ವ್ಯಾನು ಜನ ತುಂಬಲೆಂದು ಕಾಯುತ್ತಿದ್ದಾಗ ನಾವು ಮೊದಲೇ ಹೊರಟಿದ್ದೆವು. ನಮ್ಮ ಲಾರಿ ಗ್ಯಾರೇಜಿನಲ್ಲಿತ್ತು, ಇದು ಯಾರದೋ ಬಾಡಿಗೆಯದು. ಮುಂದೆ ತೆವಳುತ್ತಿರುವವರು ಅಪ್ಪ ಅಮ್ಮ ಎಂದು ಅವಳಿಗೆ ಹೇಗೆ ತಿಳಿಯಬೇಕು?

ಫೋನ್ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಎತ್ತಲಿಲ್ಲ. ಆ ಗಾಡಿಗಳೊಳಗಿನ ಹಾಡಿನ ಗದ್ದಲದಲ್ಲಿ ಸಿಡಿಲು ಹೊಡೆದರೂ ಕೇಳುವುದಿಲ್ಲ. ಅಷ್ಟರಲ್ಲಿ ಆ ಸಿಂಹ ರಸ್ತೆಯ ನಡುವಿಗೆ ಮೂತಿ ಚಾಚಿತು. ಎದುರಿನಿಂದ ಬಸ್ಸೊಂದು ಬೊಬ್ಬೆ ಹೊಡೆಯುತ್ತಾ ಬಂತು. ವ್ಯಾನು ಸರಕ್ಕನೆ ಹಿಂದೆ ಸೇರಿಕೊಂಡಿತು.

"ಅವನನ್ನ ಮುಂದೆ ಬಿಡ್ಬೇಡ," ಎಂದೆ. "ಏರು ಮುಗಿದ ಕೂಡ್ಲೇ ಪೊಲೀಸರ ತಪಾಸಣೆ ಇದೆಯಲ್ಲ, ಅಲ್ಲೀವರ್ಗೂ ಹಿಂದೇನೇ ಇಟ್ಕೋ. ಅಲ್ಲಿ ಅವಳನ್ನ ಇಳಿಸ್ಕೊಳ್ಳೋಣ. ಬಲಗಡೆ ದೀಪ ಹಾಕು, ಆರಿಸ್ಬೇಡ."

"ರಸ್ತೆ ಖಾಲಿ ಇದೆ ಕಣೆ."

"ಇರ್ಲಿ!"

"ಖಾಲಿ ರಸ್ತೇಲಿ ಬರಬೇಡ ಅಂದ್ರೆ ಸುಳ್ಳಾಗುತ್ತೆ. ದೀಪದಲ್ಲಿ ಸುಳ್ಳು ಹೇಳ್ಬಾರ್ದು."

"ಅಯ್ಯೋ ನಿನ್ನ ಸತ್ಯಕ್ಕಿಷ್ಟು ಬೆಂಕಿ ಹಾಕ! ದೀಪ ದೊಡ್ಡದಾ, ಮಗಳು ದೊಡ್ಡವಳಾ?"

ಅವನು ನನ್ನ ಕಡೆ ನೋಡಲಿಲ್ಲ. ದೀಪ ಹಾಕಿದ. ಟಿಕ್ ಟಿಕ್ ಎಂದು ಅದು ಮಿನುಗತೊಡಗಿದ ಮೇಲೆ ನನಗೆ ಉಸಿರು ಬಂತು.

ಸ್ವಲ್ಪ ದೂರ ಕೆಲಸ ಮಾಡಿತು. ಎಷ್ಟೇ ಪುಂಡನಾದರೂ ಬಲಗಡೆಯ ದೀಪಕ್ಕೆ ಹೆದರಿದ. ಆದರೆ ಎದುರಿನಿಂದ ಏನೂ ಬರಲಿಲ್ಲ, ಒಂದು ಸೈಕಲ್ ಕೂಡ. ಮುಂದಿನ ತಿರುವಿನಲ್ಲಿ ಇಡೀ ರಸ್ತೆ ಅವನಿಗೇ ಕಾಣಿಸಿತು, ಖಾಲಿ. ಅದರ ಮುಂದಿನ ತಿರುವಿನಲ್ಲೂ ಖಾಲಿ. ನಮ್ಮ ದೀಪ ಮಾತ್ರ ಬರಬೇಡ ಬರಬೇಡ ಎನ್ನುತ್ತಲೇ ಇತ್ತು.

ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: "ಏಯ್ ಮುದುಕಾ! ನಿಮ್ಮಪ್ಪನ ರಸ್ತೇನಾ ಇದು? ಸುಳ್ಳ ನನ್ಮಗನೇ!" ತಿಂದು ಮುಗಿಸಿದ ಜೋಳದ ದಿಂಡೊಂದು ನನ್ನ ಕಿಟಕಿಗೆ ಬಂದು ಬಡಿಯಿತು.

"ನೋಡಿದ್ಯಾ ಅವರ ಯೋಗ್ಯತೆ?" ಎಂದೆ. ಬರಾಸಾನ ಕತ್ತಿನ ಮೇಲೆ ಬೆವರು. ಆ ಗುಡ್ಡದ ಚಳಿಯಲ್ಲಿ ಬೆವರು!

ಏರಿನ ನೆತ್ತಿ ಕಾಣಿಸಿತು. ಅದರಾಚೆಯಿಂದ ಪೆಟ್ರೋಲ್ ಟ್ಯಾಂಕರೊಂದು ಎದ್ದು ಬಂತು, ಇಳಿಜಾರಿನ ಅಷ್ಟೂ ವೇಗದಲ್ಲಿ. ನಮ್ಮ ಬೆನ್ನ ಹಿಂದಿದ್ದವನಿಗೆ ಅದು ಕಾಣುವಂತಿರಲಿಲ್ಲ.

ಬರಾಸಾನ ಕೈ ದೀಪದ ಗುಂಡಿಗೆ ಹೋಯಿತು. ಅಲ್ಲೇ ನಿಂತಿತು. ಮಿನುಗುತ್ತಿರುವ ದೀಪವನ್ನು ಇನ್ನೇನು ಮಿನುಗಿಸುವುದು? ಈಗ ಅದು ಹೇಳುತ್ತಿದ್ದದ್ದು ನಿಜ. ಆದರೆ ನಂಬುವವರು ಯಾರು?

"ದೇವ್ರೇ! ಬರ್ಬೇಡ! ಬರ್ಬೇಡ್ವೋ!" ಕಿಟಕಿಯಿಂದ ತೋಳು ಹೊರಹಾಕಿ ಬೀಸಿದ. ಹಾರ್ನ್ ಗುದ್ದಿದ. ಅವರು ಅದನ್ನು ಬೈಗುಳ ಎಂದುಕೊಂಡಿರಬೇಕು. ವ್ಯಾನು ಹೊರಗೆ ಹಾರಿತು. ನಮ್ಮ ಪಕ್ಕಕ್ಕೆ ಬಂತು. ಗಾಜಿನಾಚೆ ಹಳದಿ ಬಣ್ಣ ಕಂಡೆ. ಅವಳು ಮಡಿಲಿನ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಬರಾಸಾ ಇಡೀ ಲಾರಿಯನ್ನು ಎಡಕ್ಕೆ ಎಳೆದು ಚರಂಡಿಗೆ ಹಾಕಿದ. ನಾವು ಬಿಟ್ಟ ಜಾಗಕ್ಕೆ ವ್ಯಾನು ನುಗ್ಗಿತು, ಅದಕ್ಕೆ ಅಂಗೈಯಷ್ಟು ಆಚೆ ಟ್ಯಾಂಕರ್ ಹೋಯಿತು. ಗಾಳಿ ನಮ್ಮನ್ನು ಅಲ್ಲಾಡಿಸಿತು. ಆಮೇಲೆ ಮೂಟೆಗಳು ಒಂದೊಂದಾಗಿ ಬೀಳುವ ಸದ್ದು.

ಲಾರಿ ವಾಲಿ ನಿಂತಿತ್ತು. ನನ್ನ ಬಾಯಲ್ಲಿ ರಕ್ತದ ರುಚಿ. ಬರಾಸಾ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಇದ್ದ. ಬಿಡಿಸಲು ಹೋದರೆ ಬೆರಳುಗಳು ಬಿಚ್ಚಲಿಲ್ಲ. ಅತ್ತೆವೇ? ಇಲ್ಲ. ಅಳು ಬರಬೇಕಾದರೂ ಮೈಯಲ್ಲಿ ಏನಾದರೂ ಉಳಿದಿರಬೇಕು.

ಫೋನ್ ಬಡಿದುಕೊಂಡಿತು. ಬರಾಸಾನಿಗೂ ಕೇಳಲೆಂದು ಮಡಿಲಲ್ಲಿಟ್ಟು ಸ್ಪೀಕರ್ ಹಾಕಿದೆ.

"ಅಮ್ಮಾ, ಎಷ್ಟೊಂದು ಸಲ ಫೋನ್ ಮಾಡಿದೀಯಾ! ಈಗ ನೋಡ್ದೆ. ಅಯ್ಯೋ ಅಮ್ಮ, ನಾವು ಈಗ ಸಾಯ್ತಿದ್ವಿ ಗೊತ್ತಾ? ಒಬ್ಬ ಲಾರಿಯವನು, ಏರು ಪೂರ್ತಿ ಸುಳ್ಳು ದೀಪ ಹಾಕಿ ಆಟ ಆಡಿಸ್ದ. ನಮ್ಮನ್ನ ಟ್ಯಾಂಕರಿಗೆ ಕೊಡೋಕೇ ನಿಂತಿದ್ದ, ಹಾಳಾದೋನು. ನಮ್ಮ ಡ್ರೈವರ್ ಎಷ್ಟು ಗಟ್ಟಿಗ ಅಂದ್ರೆ, ಹೆಂಗೋ ನುಗ್ಸಿ ಉಳಿಸ್ಬಿಟ್ಟ. ಎಲ್ರೂ ಚಪ್ಪಾಳೆ ಹೊಡೆದ್ವಿ."

"ಇಳಿ," ಎಂದೆ. "ನಾಫುಲಾ, ಆ ಗಾಡಿಯಿಂದ ಈಗ್ಲೇ ಇಳಿ. ಪೊಲೀಸ್ರ ಹತ್ರ ಇಳಿದ್ಬಿಡು."

"ಅದೆಲ್ಲಾ ದಾಟಾಯ್ತಮ್ಮ, ಪೊಲೀಸ್ರು ನಿಲ್ಸಲೇ ಇಲ್ಲ. ಯಾಕ್ ಇಳೀಲಿ? ಇವನಿಂದಲ್ವಾ ನಾನು ಬದುಕಿರೋದು!"

ಬರಾಸಾ ಫೋನಿನ ಕಡೆ ಬಾಗಿದ.

"ಮಗಳೇ, ಆ ಲಾರಿಯವನು ನಾನೇ."

ಅವಳು ಕಿಲಕಿಲ ನಕ್ಕಳು.

"ಹೋಗಪ್ಪಾ! ಇಂಥದ್ರಲ್ಲೂ ತಮಾಷೆನಾ? ನೀನು ಸುಳ್ಳು ದೀಪ ಹಾಕೋನಾ?"

ಬರಾಸಾ ಸ್ಟೀರಿಂಗಿನಿಂದ ಒಂದು ಕೈ ಬಿಡಿಸಿಕೊಂಡು ಇನ್ನೂ ಮಿನುಗುತ್ತಿದ್ದ ಬಲಗಡೆಯ ದೀಪ ಆರಿಸಿದ. ಅವಳ ನಗುವಿನ ಹಿಂದೆ ಅವರ ಡ್ರೈವರ್ ಮತ್ತೆ ಯಾರಿಗೋ ಹಾರ್ನ್ ಹೊಡೆಯತೊಡಗಿದ್ದ.