ರಹಮತ್‌ಬೀಯ ಸುರ್ಮಾ

ಹೆಣಕ್ಕೆ ಕರ್ಪೂರದ ನೀರು ಹುಯ್ದು ಮುಗಿಯುವಷ್ಟರಲ್ಲಿ ಖಮರ್‌ಬೀ ತನ್ನ ತಾಯಿಯ ಸುರ್ಮಾ ಡಬ್ಬಿಯ ಮುಚ್ಚಳ ತಿರುಗಿಸಿದಳು. ಸುತ್ತ ಕೂತ ಹೆಂಗಸರು ಅದಕ್ಕೇ ಕಾದಿದ್ದರು. ಕೆರೆಬಿಳಚಿಗೆಲ್ಲ ಸುರ್ಮಾ ಅರೆದುಕೊಟ್ಟ ರಹಮತ್‌ಬೀ ಬರಿಗಣ್ಣಲ್ಲಿ ಮಣ್ಣಿಗೆ ಹೋಗುವುದುಂಟೇ? ಹಚ್ಚಿ ಉಳಿದದ್ದನ್ನು ಮನೆಯ ಕೂಸಿಗೆ ಹಚ್ಚಿದರೆ ಸತ್ತವರ ಆಯಸ್ಸು ಅದಕ್ಕೆ ಬರುತ್ತದೆಂಬುದು ಆ ಮನೆಯವರ ನಂಬಿಕೆ. ಕೂಸು ಖಮರ್‌ಬೀಯ ಹಿರಿಮಗಳು ಶಾಯಿಸ್ತಾಳದು, ಇನ್ನೂ ಅಂಬೆಗಾಲಿಕ್ಕದ್ದು.

“ಅಮ್ಮೀ, ಕೂಸಿಗೆ ಬ್ಯಾಡ,” ಎಂದಳು ಕಿರಿಮಗಳು ಸಮ್ರೀನ್.

ಖಮರ್‌ಬೀ ಅವಳ ಕಡೆ ತಿರುಗಲಿಲ್ಲ. “ಇವತ್ತೊಂದಿನ ಸುಮ್ನಿರು. ಮಯ್ಯತ್ ಇನ್ನೂ ಮನೇಲೈತೆ.”

*

ದಾವಣಗೆರೆಯಲ್ಲಿ ಸಮ್ರೀನ್ ಮಾಡುತ್ತಿದ್ದ ಸಂಶೋಧನೆ ಬಣ್ಣಗಳದ್ದು. ಲೋಹ ತಗುಲಿದರೆ ಮಾತ್ರ ಹೊಳೆಯುವ ಬಣ್ಣಗಳು. ಮೈಯೊಳಗೆ ಲೋಹ ಎಲ್ಲಿ ಅಡಗಿದೆಯೆಂದು ಸೂಕ್ಷ್ಮದರ್ಶಕದಲ್ಲೂ ಕಾಣಬೇಕು, ಸ್ಕ್ಯಾನಿಂಗಿನಲ್ಲೂ ಕಾಣಬೇಕು; ಅಂಥದೊಂದು ಬಣ್ಣಕ್ಕಾಗಿ ಅವಳ ತಂಡ ಒದ್ದಾಡುತ್ತಿತ್ತು. ರಂಜಾನ್ ರಜೆಗೆ ಬರುವಾಗ ಸೀಸಕ್ಕೆ ಹೊಳೆಯುವ ಬಣ್ಣವನ್ನು ಪುಟ್ಟ ಬಾಟಲಿಯಲ್ಲಿ ತಂದಿದ್ದಳು. ತಮಾಷೆಗೆಂದು ನಾನಿ ರಹಮತ್‌ಬೀಯ ಸುರ್ಮಾಕ್ಕೆ ನಿಂಬೆರಸ ಹಿಂಡಿ, ಒಂದು ಹನಿ ಬಿಟ್ಟು, ನೀಲಿ ಟಾರ್ಚ್ ಹಿಡಿದಳು. ಹಸಿರು ಭಗ್ಗೆಂದಿತು. ಸುರ್ಮಾದ ತುಂಬ ಸೀಸ. ನಾನಿಯ ಹೊಟ್ಟೆನೋವು, ಜೋತುಬಿದ್ದ ಮಣಿಕಟ್ಟು, ಎಲ್ಲವನ್ನೂ ಡಾಕ್ಟರು ವಯಸ್ಸಿನ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಂಡಿದ್ದರು.

ಹೇಳಿದರೆ ಮುದುಕಿ ನಕ್ಕಳು. ಈ ವಯಸ್ಸಿನಲ್ಲೂ ಸೂಜಿಗೆ ದಾರ ತಾನೇ ಪೋಣಿಸುತ್ತೇನೆ, ಹೊನ್ನಾಳಿಯಿಂದ ಜನ ಹುಡುಕಿಕೊಂಡು ಬರುತ್ತಾರೆ, ನಿನ್ನ ಬಣ್ಣಕ್ಕೇನು ಗೊತ್ತು ಎಂದಳು. ಮೊಮ್ಮಗಳು ಅಳುವುದು ಕಂಡು ಕೊನೆಗೆ ಮೆತ್ತಗಾದಳು.

“ಆಯ್ತು, ಹುಟ್ಟೋ ಕೂಸಿಗೆ ನಾನು ಹಚ್ಚಾಕಿಲ್ಲ. ಸಾಕಾ?”

ಕೂಸು ಹುಟ್ಟಿತು. ಮುದುಕಿ ಮಾತಿಗೆ ತಪ್ಪಲಿಲ್ಲ.

*

ರಹಮತ್‌ಬೀಯ ಕಣ್ಣಿಗೆ ಹಚ್ಚಿಯಾದ ಮೇಲೆ ಡಬ್ಬಿ ಕೈಯಿಂದ ಕೈಗೆ ಹೋಯಿತು. ಪಕ್ಕದ ಮನೆಯ ತಿಪ್ಪಮ್ಮನೂ ಬೆರಳು ಅದ್ದಿ ಕಣ್ಣಿಗೊತ್ತಿಕೊಂಡಳು. ತನ್ನ ಮಕ್ಕಳ ಕಣ್ಣು ಕಾದವಳು ಈ ತಾಯಿ ಎಂದು ಬಿಕ್ಕಿದಳು. ಡಬ್ಬಿ ಖಮರ್‌ಬೀಗೆ ಮರಳಿತು. ಅವಳು ಬೆರಳು ಅದ್ದಿ ಕೂಸಿನ ಕಡೆ ಬಾಗಿದಳು.

ಸಮ್ರೀನ್ ಎದ್ದು ಆ ಕೈ ತಡೆದು, ಕಿಟಕಿ ಮುಚ್ಚಿದಳು. ಬ್ಯಾಗಿನಿಂದ ಬಾಟಲಿ, ಟಾರ್ಚ್ ತೆಗೆದಳು. ನಿಂಬೆರಸದಲ್ಲಿ ನೆನೆಸಿದ ಹತ್ತಿಯಿಂದ ತಿಪ್ಪಮ್ಮನ ಬೆರಳು ಒರೆಸಿ, ಹತ್ತಿಗೆ ಬಣ್ಣ ಬಿಟ್ಟು ಬೆಳಕು ಹಿಡಿದಳು. ಕತ್ತಲಲ್ಲಿ ಹತ್ತಿ ಹಸಿರಾಗಿ ಹೊಳೆಯಿತು. ತಿಪ್ಪಮ್ಮ ಕೈ ಹಿಂದಕ್ಕೆಳೆದುಕೊಂಡಳು.

“ಇದು ಸೀಸ. ಬ್ಯಾಟ್ರಿ ಒಳಗಿರ್ತದಲ್ಲ, ಅದೇ. ನಾನೀನ ತಿಂದಿದ್ದೂ ಇದೇ ಇರಬೇಕು.”

“ಊರ ಮುಂದೆ ನಮ್ಮಮ್ಮನ್ನ ವಿಷ ಹಾಕ್ದೋಳು ಅಂತೀಯೇನೇ?” ಖಮರ್‌ಬೀಯ ದನಿ ಒಡೆಯಿತು.

ಶಾಯಿಸ್ತಾ ಕೂಸನ್ನು ಅವುಚಿಕೊಂಡು ನಡುವೆ ಬಂದಳು. ಜಗಳ ಯಾಕೆ, ಕೂಸಿಗೆ ಇದುವರೆಗೂ ಯಾರೂ ಹಚ್ಚಿಲ್ಲವಲ್ಲ, ಇನ್ನು ಮುಂದೆಯೂ ಬೇಡ ಎಂದಳು. ಸಮ್ರೀನ್‌ಗೆ ಉಸಿರು ಬಂದಂತಾಯಿತು. ಹಚ್ಚದ ಮೈ ಹೇಗಿರುತ್ತದೆಂದು ಅಮ್ಮಿಗೂ ತೋರಿಸೋಣವೆಂದು ಬೇರೆ ಹತ್ತಿ ತೆಗೆದು, ಜೊಲ್ಲು ಒಣಗಿದ್ದ ಕೂಸಿನ ಕತ್ತಿನ ಮಡಿಕೆ ಒರೆಸಿ, ಬಣ್ಣ ಬಿಟ್ಟಳು.

ಅದೂ ಹೊಳೆಯಿತು.

ಹೊರಗೆ ಗಂಡಸರು ಹೊತ್ತಾಯಿತೆಂದು ಬಾಗಿಲು ತಟ್ಟಿದರು.

“ನಾನು ಹಚ್ಚಿಲ್ಲ, ಅಲ್ಲಾನ ಆಣೆ,” ಎಂದಳು ಶಾಯಿಸ್ತಾ.

ಖಮರ್‌ಬೀ ಡಬ್ಬಿಯನ್ನು ನೆಲಕ್ಕಿಟ್ಟಳು. “ಹಚ್ಚಿಲ್ಲ. ಸುರ್ಮಾ ಅರೀತಾ ಕೂತಾಗ ಇದು ಅತ್ರೆ, ಅಮ್ಮ ಬೆರಳು ಚೀಪಾಕೆ ಕೊಡ್ತಿದ್ರು. ದಿನಾನೂ.”

ಗದ್ದಲಕ್ಕೆ ಕೂಸು ಅಳತೊಡಗಿತು. ಸಮಾಧಾನ ಮಾಡಲು ಖಮರ್‌ಬೀಯ ಕೈ ತಾನಾಗಿ ಮುಂದೆ ಹೋಗಿ, ನಡುವೆಯೇ ನಿಂತಿತು. ಬೆರಳ ತುದಿ ಕಪ್ಪಗಿತ್ತು. ಕೂಸು ಅಳು ನಿಲ್ಲಿಸಿ, ಆ ಬೆರಳಿನತ್ತ ಬಾಯಿ ಚಾಚುತ್ತಿತ್ತು.