ನೀರಿಗಿಂತ ಮುಂಚೆ ಬಂದ ಕೂಗು

ನೀರು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಇಲ್ಲಿ ಗಾದೆ ಕೆಟ್ಟರೂ ಕಥೆ ನಿಜ.

ಹೊಸೂರಿನ ಅಂಚಿನಲ್ಲಿ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೊಂದು ಹಳೇ ಕಾಲುವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ನೂರು ಹೆಜ್ಜೆಗೆ ಒಂದು ಗೇಣು ಇಳಿಜಾರು. ಅಳೆದವರ ಹೆಸರು ಯಾರಿಗೂ ಗೊತ್ತಿಲ್ಲ, ಅಳತೆ ಮಾತ್ರ ಇವತ್ತಿಗೂ ತಪ್ಪಿಲ್ಲ. ಆಮೇಲೆ ಬಸ್ ರಸ್ತೆ ಬಂದು ಅದರ ಬೆನ್ನ ಮೇಲೆ ಕೂತಿತು. ರಸ್ತೆಯಡಿಯ ಮೋರಿಯನ್ನು ನೀರು ದಾಟಿ ಹದಿನೈದು ವರ್ಷವಾಗಿತ್ತು. ಊರವರು ಒಂದು ತಿಂಗಳು ಹೂಳೆತ್ತಿದ್ದರು. ಇವತ್ತು ನೀರು ದಾಟಿದರೆ ಕಾಲುವೆ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಿ ರಸ್ತೆ ಅಗಲ ಮಾಡುತ್ತಾರೆ. ನೋಡಿ ಬರೆದುಕೊಳ್ಳಲು ಇಂಜಿನಿಯರ್ ಚಂದ್ರಲೇಖಾ ಬಂದಿದ್ದರು.

ಮೇಲಿನ ಕೆರೆಯ ತೂಬು ಎತ್ತಿ ರಸ್ತೆಯ ಈಚೆ ನಿಂತವನು, ಹಿಂದೆ ಹೊಲಗಳಿಗೆ ನೀರು ಬಿಡುತ್ತಿದ್ದ ಹಳೇ ನೀರಗಂಟಿ ಆವುಲಪ್ಪ. ಮೋರಿಯಾಚೆ ನಿಂತು ನೀರು ಬಂದಾಗ ಕೂಗುವ ಕೆಲಸ ಪಕ್ಕದ ಮನೆಯ ಮುನೀಶನದು. ಕಾರ್ಖಾನೆಯ ಫೋರ್‌ಮನ್ನನಿಂದ ಹಿಡಿದು ಬಸ್ಸಿನ ಹಾರ್ನಿನವರೆಗೆ ಅವನ ಗಂಟಲಿಗೆ ಬಾರದ ದನಿಯಿಲ್ಲ.

"ಫೋನ್ ಮಾಡ್ತೀನಿ ಬುಡು ತಾತಾ."

"ಫೋನು ನೀರ್ಗಿಂತ ಮುಂದೆ ಓಡ್ತದೆ ಕಣ್ಲಾ. ಕೂಗು ನೀರ್ ಜೊತೇಲೇ ಬರ್ಬೇಕು."

ಹಿಂದೆಲ್ಲ ಅಲ್ಲಿ ಕೂಗುತ್ತಿದ್ದವನು ಆವುಲಪ್ಪನ ಜೊತೆಗಾರ ಶ್ಯಾಮಣ್ಣ. ಸತ್ತು ಹತ್ತು ವರ್ಷ. ಒಣ ಕಾಲುವೆಯ ದಡದಲ್ಲಿ ಕೂತು ಬೇಜಾರಾದ ಮುನೀಶನಿಗೆ ಆ ದನಿ ನೆನಪಾಯಿತು, ನಾಲಿಗೆ ತುರಿಸಿತು.

"ಬಂತೋ ಆವುಲಾ… ಬಂತಪ್ಪೋ…" ಕೊನೆಗೆ ಶ್ಯಾಮಣ್ಣನದೇ ಎರಡು ಕೆಮ್ಮು.

ರಸ್ತೆಯಲ್ಲಿ ಲಾರಿಗಳಿಗೆ ಕೈ ಅಡ್ಡ ಹಿಡಿದು, ಒಂದು ಚಪ್ಪಲಿ ಅಲ್ಲೇ ಬಿಟ್ಟು ಆವುಲಪ್ಪ ಓಡಿಬಂದ. ಮೊದಲು ನೋಡಿದ್ದು ಕಾಲುವೆಯನ್ನಲ್ಲ, ಶ್ಯಾಮಣ್ಣ ಕೂರುತ್ತಿದ್ದ ಕಲ್ಲನ್ನು. ಮುನೀಶನ ನಗು ಅರ್ಧಕ್ಕೇ ನಿಂತಿತು.

ಹಿಂದೆಯೇ ಬಂದ ಚಂದ್ರಲೇಖಾ ಒಣ ಕಲ್ಲು ನೋಡಿ ಫೈಲು ಬಿಚ್ಚಿದರು. "ನೀರೆಲ್ಲಿ ತಾತಾ?"

"ಒಂದು ಎಲೆ ಅಗಿಯೋ ಹೊತ್ತು ತಡಿಯಮ್ಮಾ." ಆವುಲಪ್ಪ ಸಂಚಿ ಬಿಚ್ಚುತ್ತ ಮುನೀಶನ ಕಡೆ ತಿರುಗಿದ. "ಇಳಿಯಲಾ ಕಾಲ್ವೆಗೆ. ಕೂಗ್ದೋನು ಕಾಲು ನೆನೆಯೋಗಂಟ ಮೇಲೆ ಬರಂಗಿಲ್ಲ."

"ಹೊಸ ಬೂಟು ತಾತಾ."

"ಶ್ಯಾಮಂಗೆ ಬೂಟಿರ್ಲಿಲ್ಲ. ನೀನು ಶ್ಯಾಮ ತಾನೆ?"

ಮುನೀಶ ಇಳಿದು ನಿಂತ. ಆವುಲಪ್ಪ ಸುಣ್ಣ ಸವರಿ ಎಲೆ ಮಡಚಿದ, ಅಗಿದ. ಚಂದ್ರಲೇಖಾ ಪೆನ್ನಿನ ಮುಚ್ಚಳ ತೆಗೆದರು. ಆಗ ಕಲ್ಲಿನ ಸಂದಿಯಿಂದ ಇರುವೆಗಳು ಸಾಲುಗೆಟ್ಟು ಮೇಲೆ ಹತ್ತಿದವು. ಮೋರಿಯ ಬಾಯಿಂದ ತಣ್ಣನೆಯ ಗಾಳಿ ಬಂತು. ಅದರ ಹಿಂದೆ ಒಣ ಎಲೆ, ಒಂದು ಪ್ಲಾಸ್ಟಿಕ್ ಬಾಟಲಿ, ಕಂದು ನೊರೆ, ಮತ್ತೆ ನೀರು. ಯಾರೋ ಹೆಸರು ತಿಳಿಯದವರು ಕೊಟ್ಟ ಇಳಿಜಾರು ಹಿಡಿದು ಅವಸರವಿಲ್ಲದೆ ಬಂದು ಮುನೀಶನ ಬೂಟು ಮುಳುಗಿಸಿತು.

ಮುನೀಶ ಬಾಯಿ ತೆರೆದ. ಕಲಿತ ದನಿಗಳಲ್ಲಿ ಒಂದೂ ಒದಗಲಿಲ್ಲ. "ನೀರು ಬಂತೂ…" ಎಂದು ಹೊರಟದ್ದು ಅವನದೇ ದನಿ, ನಡುವೆ ಸೀಳಿ ಕೀಚಲಾಯಿತು.

'ಹರಿಯುತ್ತಿದೆ' ಎಂದು ಬರೆದು ಚಂದ್ರಲೇಖಾ ನಕ್ಕರು. ಮುನೀಶನೂ ನಕ್ಕ.

"ಎಮ್ಮೆಕರ ಅರಚ್ದಂಗೈತೆ. ಶ್ಯಾಮ ಕೇಳಿದ್ರೆ ಇನ್ನೊಂದ್ಸಲ ಸಾಯ್ತಿದ್ದ," ಎಂದ ಆವುಲಪ್ಪ, ಶ್ಯಾಮಣ್ಣನ ಕಲ್ಲಿನ ಮೇಲೆ ಕುಸಿದು ಕೂತು ಎಲೆಯಡಿಕೆ ಉಗುಳಿ ನಕ್ಕ ನಗುವಿಗೆ ರಸ್ತೆಯಾಚೆಯ ಟೀ ಅಂಗಡಿಯವರು ಎದ್ದು ನಿಂತರು.