ಕಾಟಲಿಂಗಪ್ಪನ ಕೊಪ್ಪೆ

“ಹಿರಿಯೂರು ತಾಲ್ಲೂಕಿನಾಗೆ ನಾನು ನೀರು ಹಾಕದ ಹೆಣಾನೇ ಇಲ್ಲ ಕಣೇ. ಸಾವಿರ ಆಗಿರಬೇಕು,” ಎನ್ನುತ್ತ ಗಿರಿಯಮ್ಮ ಸತ್ತ ತಮ್ಮ ಕಾಟಲಿಂಗಪ್ಪನ ತಲೆಯ ಮೇಲೆ ಚೆಂಬು ಬಗ್ಗಿಸಿದಳು. “ಸಾವಿರ ಸುಳ್ಳು. ಅರ್ಧ ಅನ್ಕೋ. ಅದೂ ಜಾಸ್ತೀನೇ ಆಯ್ತು.”

ತಮ್ಮನ ಹೆಂಡತಿ ತಿಪ್ಪಮ್ಮ ನಗಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಗಂಡನ ಮುಖ ಒರೆಸುತ್ತಿದ್ದಳು. ಈ ಮುಖವನ್ನು ಹಗಲಿನಲ್ಲಿ ನೋಡಿ ವರ್ಷಗಳಾಗಿದ್ದವು. ಅಗಲ ಹಣೆ, ಬಿಳಿ ಮೀಸೆ, ನಡುವೆ ಒಂದು ಮೂಗು. ಊರಲ್ಲಿ ಎಲ್ಲರಿಗೂ ಇರುವಂಥದ್ದೇ.

“ಇದಕ್ಕೇನೇ ಇವನು ಅಷ್ಟು ಪಾಡು ಪಟ್ಟಿದ್ದು?” ಗಿರಿಯಮ್ಮ ಬಗ್ಗಿ ನೋಡಿದಳು. “ನನ್ ಮೂಗು ನೋಡು. ಇದರ ನೆರಳಾಗೆ ಹತ್ತು ಕುರಿ ಮಲಗ್ತಾವೆ.”

“ಕಂಬಳಿ ಕೊಡಕ್ಕ. ಮುಖ ಮುಚ್ಚೇ ಕಳಿಸ್ತೀನಿ ಅಂತ ಮಾತು ಕೊಟ್ಟೀನಿ.”

*

ತನ್ನ ಮೂಗು ಬೆಳೆಯುತ್ತಲೇ ಇದೆ ಎಂಬುದು ಕಾಟಲಿಂಗಪ್ಪನ ತಲೆಗೆ ಯಾವಾಗ ಹೊಕ್ಕಿತೋ. ಉರಿಬೇಸಿಗೆಯಲ್ಲೂ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದು, ಬಾಯಿಯವರೆಗೆ ಎಳೆದುಕೊಂಡೇ ಕುರಿ ಹೊಡೆಯುತ್ತಿದ್ದ. ಬೀರಪ್ಪನಿಗೆ ಹರಕೆ ಹೊತ್ತಿದ್ದಾನೆ ಎಂದುಕೊಂಡ ಊರು ಅವನ ಕಾಲಿಗೆ ಬೀಳತೊಡಗಿತು. ಅವನು ಇನ್ನಷ್ಟು ತಲೆ ತಗ್ಗಿಸಿದ.

ಮಾರಿಕಣಿವೆಯ ಹಿನ್ನೀರಿನಲ್ಲಿ ಕುರಿಗಳು ಕುಡಿದು ಮೇಲೆ ಬಂದರೂ ಅವನು ನೀರಿನ ಮೇಲೆ ಬಗ್ಗಿಯೇ ಇದ್ದು, ಜೊತೆಗಿದ್ದ ತಿಪ್ಪಮ್ಮನನ್ನು ಕೇಳುತ್ತಿದ್ದ.

“ಇವತ್ತು ಇನ್ನೂ ದೊಡ್ಡದಾಗೈತಲ್ಲ?”

“ಇಲ್ಲ ಕಣ್ರಿ.”

“ಸರಿಯಾಗಿ ನೋಡೇ.”

“ನೋಡ್ದೆ. ಇಲ್ಲ.”

ಗಳಿಗೆ ಬಿಟ್ಟು ಮತ್ತೆ ಅದೇ. ಸಾಕಾಗಿ ಒಮ್ಮೆ “ಹೂಂ, ದೊಡ್ಡದೇ” ಎಂದುಬಿಟ್ಟಳು. ಅವನು ಎರಡು ದಿನ ಗುಡ್ಡದಿಂದ ಇಳಿಯಲಿಲ್ಲ.

ಎಪ್ಪತ್ತೈದನೇ ಇಸವಿಯಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದು ಡಾಕ್ಟರಿಗೂ ತೋರಿಸಿದ್ದಾಯಿತು. ಮೂಗಿಗೇನೂ ಆಗಿಲ್ಲ ಎಂದರು ಅವರು. ವಾಪಸ್ಸು ಬರುವಾಗ ಕಾಟಲಿಂಗಪ್ಪ ಬಸ್ಸಿನ ಕಿಟಕಿಯ ಗಾಜಿಗೆ ಬೆನ್ನು ಮಾಡಿ ಕೂತ. “ಒಳ್ಳೆ ಮನುಷ್ಯ. ನನ್ ಮನಸು ನೋಯಬಾರ್ದು ಅಂತ ಹಂಗಂದ.”

ಅಂದಿನಿಂದ ತಿಪ್ಪಮ್ಮ ಹೌದು, ಇಲ್ಲ ಎರಡನ್ನೂ ಬಿಟ್ಟಳು. ಕನ್ನಡಿಯನ್ನು ತವರಿಗೆ ಕಳಿಸಿದಳು. ಸಂಜೆ ಕುರಿಗಳ ಸದ್ದು ಕೇಳಿದರೆ ಓಡಿಹೋಗಿ, ಅವು ನೀರು ಕುಡಿಯುವ ಕಲ್ಲುಬಾನಿಗೆ ಕೈ ಹಾಕಿ ಕಲಕುತ್ತಿದ್ದಳು. ಕಲಕಿದ ನೀರಿನಲ್ಲಿ ಯಾರ ಮುಖವೂ ನಿಲ್ಲುವುದಿಲ್ಲ.

*

ಹೆಣವನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊಪ್ಪೆ ಗಲ್ಲದವರೆಗೆ ಇಳಿದಿತ್ತು. ಊರ ಹಿರಿಯ ಈರಬಸಪ್ಪ ಮುಂದೆ ಬಂದ.

“ತಿಪ್ಪಮ್ಮ, ಹೊತ್ತೋನು ಹೋದ ಮ್ಯಾಲೆ ಹರಕೆ ತೀರ್ತು. ಕೊಪ್ಪೆ ತೆಗಿ. ಜನ ಮುಖ ನೋಡಿ ಕೈ ಮುಗೀಲಿ.”

ಬಿ.ದುರ್ಗದಿಂದ ಬಂದ ನೆಂಟರು ಕತ್ತು ಚಾಚಿದರು. ತಿಪ್ಪಮ್ಮ ಗಂಡನ ಮುಂದೆ ಹೋಗಿ ಕೂತಳು.

“ತೆಗೆಯಲ್ಲ.”

“ತೆಗೀದಿದ್ರೆ ಮಣ್ಣು ಮಾಡಾದೆಂಗೆ? ಹರಕೆ ಊರ ಮ್ಯಾಲೆ ಉಳೀತೈತೆ.”

ಹರಕೆಯೇ ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ಹಾಗೆಂದರೆ ಇವರೆಲ್ಲ ಮೂಗನ್ನೇ ನೋಡುತ್ತಾರೆ. ಗಂಡನಿಗೆ ಇನ್ನಷ್ಟು ಒತ್ತಿ ಕೂತಳು. ಈರಬಸಪ್ಪ ಕೊಪ್ಪೆಯ ಅಂಚಿಗೆ ಕೈ ಚಾಚಿದ.

“ಲೇ ಈರಬಸ!” ಗಿರಿಯಮ್ಮ ಕೋಲೂರಿ ಎದ್ದಳು. “ಬೀರಪ್ಪನ ಎದುರಿಗೆ ಹೋಗಿ ನಾನೇ ತೆಗೀತೀನಿ ಅಂತ ಅಲ್ವೇನೋ ಇವನು ಹರಕೆ ಹೊತ್ತಿದ್ದು? ನಾನಲ್ಲೇ ಇದ್ದೆ. ಗುಡಿ ಗಂಟೆ ತಾನೇ ಬಡ್ಕಂತು, ಏಳೂರಿಗೆ ಕೇಳಿಸ್ತು. ತೆಗಿಯಪ್ಪ, ತೆಗಿ. ಆಮ್ಯಾಲೆ ಕಣ್ಣು ಹೋದ್ರೆ ನನ್ನ ಕೇಳಬ್ಯಾಡ.”

ಈರಬಸಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಇನ್ನೊಂದನ್ನೂ ಸೇರಿಸಿ ಮುಗಿದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಹೊತ್ತು ವಾಲಿತ್ತು. ಕಾಲು ತೊಳೆಯಲು ಎಲ್ಲರೂ ಕಲ್ಲುಬಾನಿಯ ಸುತ್ತ ನಿಂತಿದ್ದರು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕುರಿಗಳ ಸದ್ದಾಯಿತು.

ತಿಪ್ಪಮ್ಮ ಜನರನ್ನು ಸರಿಸಿಕೊಂಡು ಓಡಿದಳು. ನಿಂತ ನೀರಿಗೆ ಮೊಣಕೈವರೆಗೆ ತೋಳಿಳಿಸಿ ಕಲಕಿದಳು. ಆಮೇಲೆ ಕೈಯನ್ನು ಅಲ್ಲೇ ಬಿಟ್ಟು ನಿಂತಳು.

ಪಕ್ಕದ ಮನೆಯ ಜಯಕ್ಕ ಗಿರಿಯಮ್ಮನ ಕಿವಿಗೆ ಬಗ್ಗಿದಳು. “ತಿಳಿನೀರು ಯಾಕವ್ವ ಕಲಕ್ತಾಳೆ?”

ಗಿರಿಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಒಗಟು ಕಣೇ. ನೀನೇ ಹೇಳು, ನೋಡಾಣ.”